ವಿಕ್ಟೋರಿಯಾ ಗೌರಮ್ಮ

ವಿಕ್ಟೋರಿಯಾ ಗೌರಮ್ಮ (1841–1864) ಕೊಡಗಿನ ಹಾಲೇರಿ ರಾಜವಂಶದ ರಾಜಕುಮಾರಿ. ಇವರು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. ತಂದೆ ರಾಜ್ಯಭ್ರಷ್ಟನಾಗಿ ಕಾಶಿಯಲ್ಲಿದ್ದಾಗ ಜನಿಸಿದ ಇವರು, ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ತೆರಳಿ, ಕ್ರೈಸ್ತಮತವನ್ನು ಸ್ವೀಕರಿಸಿ, ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾಗಿ ಬೆಳೆದರು. ಲಂಡನ್ನಿನಲ್ಲಿ ಇವರ ಸಮಾಧಿಯಿದೆ.

ಹಿನ್ನೆಲೆ

ಚಿಕ್ಕವೀರರಾಜೇಂದ್ರನು 1820ರಿಂದ 1834ರವರೆಗೆ ಮಡಿಕೇರಿಯಿಂದ ಆಳಿದನು. 1834ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಡಿಕೇರಿಯನ್ನು ವಶಪಡಿಸಿಕೊಂಡಿತು. ಅರಸನನ್ನು ಪದಚ್ಯುತಗೊಳಿಸಿ ಮೊದಲು ವೆಲ್ಲೂರಿಗೂ ಅನಂತರ ಕಾಶಿಗೂ ಕಳುಹಿಸಲಾಯಿತು. ಹಾಲೇರಿ ಅರಸರ ಆಡಳಿತದಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿಯು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದಾಗಿ ಪಾವತಿಸಬೇಕಾಗಿ ಬಂದುದು ಅಸಮಾಧಾನಕ್ಕೆ ಕಾರಣವಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ, ಹಾಲೇರಿ ವಂಶದವನೆಂದು ಬಿಂಬಿಸಲ್ಪಟ್ಟ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ದಂಗೆಕೋರರು ಸುಳ್ಯ ಭಾಗದಿಂದ ಹೊರಟು ಪುತ್ತೂರು, ಬಂಟ್ವಾಳಗಳ ಮಾರ್ಗವಾಗಿ ಮಂಗಳೂರನ್ನು ತಲುಪಿ ಬಾವುಟಗುಡ್ಡೆಯಲ್ಲಿ ಧ್ವಜವನ್ನು ಹಾರಿಸಿದರು. ಕಂಪನಿಯು ಈ ದಂಗೆಯನ್ನು ಬಲಪ್ರಯೋಗದಿಂದ ಅಡಗಿಸಿತು. ಇದು ನಡೆದು ನಾಲ್ಕು ವರ್ಷಗಳ ನಂತರ ಗೌರಮ್ಮ ಜನಿಸಿದರು. ತಂದೆ ಆಳಿದ ನಾಡು ಅವರ ಹುಟ್ಟಿಗೆ ಮೊದಲೇ ಕೈತಪ್ಪಿಹೋಗಿತ್ತು.

ಇಂಗ್ಲೆಂಡ್ ಪ್ರಯಾಣ

ದೊಡ್ಡವೀರರಾಜೇಂದ್ರನ ಕಾಲದಲ್ಲಿ ಕಂಪನಿಯ ಬಳಿ ತೊಡಗಿಸಿದ್ದ ಹಣ ತನಗೆ ಸಲ್ಲಬೇಕೆಂಬುದು ಚಿಕ್ಕವೀರರಾಜೇಂದ್ರನ ವಾದವಾಗಿತ್ತು. ಈ ಹಣವನ್ನು ಪಡೆಯುವ ಹಾಗೂ ಮಗಳಿಗೆ ಪಾಶ್ಚಾತ್ಯ ಶಿಕ್ಷಣವನ್ನು ಕೊಡಿಸುವ ಉದ್ದೇಶದಿಂದ ಅವನು 1852ರಲ್ಲಿ ಹನ್ನೊಂದು ವರ್ಷದ ಗೌರಮ್ಮನವರೊಡನೆ ಇಂಗ್ಲೆಂಡನ್ನು ತಲುಪಿದನು. ಗೌರಮ್ಮನವರ ಸಹೋದರಿಯೊಬ್ಬರನ್ನು ಇದಕ್ಕೆ ಮೊದಲೇ, 1850ರಲ್ಲಿ, ನೇಪಾಳದ ಪ್ರಧಾನಿ ಜಂಗ್ ಬಹಾದೂರ್ ರಾಣಾ ಕಾಶಿಯಲ್ಲಿ ವಿವಾಹವಾಗಿದ್ದರು.

ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಗೌರಮ್ಮನವರಿಗೆ ದೀಕ್ಷಾಸ್ನಾನ ನೀಡಿದರು. ರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಬಾಲಕಿಗೆ ಇಟ್ಟಳು. ರಾಣಿಯ ಅಪೇಕ್ಷೆಯಂತೆ ಚಿತ್ರಕಾರ ವಿಂಟರ್‌ಹಾಲ್ಟರ್ ಅವರ ಭಾವಚಿತ್ರವನ್ನು ಬರೆದನು. ಮುಂದೆ ಶಿಲ್ಪಿ ಮರೊಚೆಟ್ಟಿ ಅವರ ಅಮೃತಶಿಲೆಯ ಎದೆಮಟ್ಟದ ಪ್ರತಿಮೆಯನ್ನು ನಿರ್ಮಿಸಿದನು. ಇವೆರಡೂ ಬ್ರಿಟಿಷ್ ರಾಜಮನೆತನದ ಕಲಾಸಂಗ್ರಹಕ್ಕೆ ಸೇರಿವೆ.

ಪೋಷಣೆ ಮತ್ತು ಪಿತೃವಿಯೋಗ

ದೀಕ್ಷೆಯ ಬಳಿಕ ಗೌರಮ್ಮನವರು ತಂದೆಯೊಡನೆ ವಾಸಿಸಲಿಲ್ಲ. ಮೊದಲು ಮೇಜರ್ ಡ್ರಮಂಡ್ ದಂಪತಿಗಳ, ಅನಂತರ ಸರ್ ಜಾನ್ ಲಾಗಿನ್ ಮತ್ತು ಲೇಡಿ ಲಾಗಿನ್ ದಂಪತಿಗಳ ಪೋಷಣೆಯಲ್ಲಿ ಬೆಳೆದರು. ತಂದೆಯ ಪ್ರಭಾವದಿಂದ ಅವರು ಹೊಸ ಮತವನ್ನು ತೊರೆಯಬಹುದೆಂಬ ಶಂಕೆಯಿಂದ ತಂದೆ-ಮಗಳ ಭೇಟಿಗೆ ಕಡಿವಾಣ ಹಾಕಲಾಗಿತ್ತು. ಮಗಳ ದೀಕ್ಷೆಯಿಂದ ತನಗೆ ಆಸ್ಥಾನದ ಅನುಗ್ರಹ ದೊರೆಯುವುದೆಂದು ನಿರೀಕ್ಷಿಸಿದ್ದ ಚಿಕ್ಕವೀರರಾಜೇಂದ್ರನಿಗೆ ನಿರಾಶೆಯೇ ಉಳಿಯಿತು. ಅವನು ಬೇಡಿದ ಹಣ ದೊರೆಯಲಿಲ್ಲ. ಮಗಳೂ ಅವನಿಂದ ದೂರವಾದರು. 1859ರಲ್ಲಿ ಅವನು ಲಂಡನ್ನಿನಲ್ಲಿ ನಿಧನನಾದನು.

ವಿವಾಹ

1849ರಲ್ಲಿ ರಾಜ್ಯವನ್ನು ಕಳೆದುಕೊಂಡು ಕ್ರೈಸ್ತನಾಗಿದ್ದ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಕೂಡ ಲಾಗಿನ್ ದಂಪತಿಗಳ ಪೋಷಣೆಯಲ್ಲಿ ಬೆಳೆದವನು. ಇವರಿಬ್ಬರ ವಿವಾಹವಾಗಬೇಕೆಂಬುದು ರಾಣಿಯ ಇಚ್ಛೆಯಾಗಿತ್ತು. ಆದರೆ ದುಲೀಪ್ ಸಿಂಗ್ ಇದಕ್ಕೆ ಒಪ್ಪಲಿಲ್ಲ. 1860ರಲ್ಲಿ ಗೌರಮ್ಮನವರು ಲೇಡಿ ಲಾಗಿನ್ ಅವರ ಸಹೋದರ, ಮದ್ರಾಸ್ ಸೇನೆಯ ಅಧಿಕಾರಿ ಜಾನ್ ಕ್ಯಾಂಪ್‌ಬೆಲ್ ಅವರನ್ನು ವಿವಾಹವಾದರು. ವಿಧುರರಾಗಿದ್ದ ಕ್ಯಾಂಪ್‌ಬೆಲ್ ವಯಸ್ಸಿನಲ್ಲಿ ಸುಮಾರು 30 ವರ್ಷ ಹಿರಿಯರು. 1861ರಲ್ಲಿ ಈ ದಂಪತಿಗಳಿಗೆ ಈಡಿತ್ ವಿಕ್ಟೋರಿಯಾ ಗೌರಮ್ಮ ಎಂಬ ಮಗಳು ಜನಿಸಿದಳು. ತಾಯಿಯ ಕನ್ನಡ ಹೆಸರು ಈ ಮೂಲಕ ಮಗಳ ಹೆಸರಿನಲ್ಲಿಯೂ ಉಳಿಯಿತು.

ಮರಣ

ಕ್ಷಯರೋಗಕ್ಕೆ ತುತ್ತಾದ ಗೌರಮ್ಮನವರು 1864ರಲ್ಲಿ, 23 ವರ್ಷ ತುಂಬುವ ಮೊದಲೇ, ನಿಧನರಾದರು. ಲಂಡನ್ನಿನ ಬ್ರಾಂಪ್ಟನ್ ರುದ್ರಭೂಮಿಯಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಆಗ ಅವರ ಮಗಳು ಇನ್ನೂ ಎಳೆಯ ಮಗುವಾಗಿದ್ದಳು.

ಮಹತ್ವ

ಪರಾಜಿತ ರಾಜಮನೆತನಗಳ ಮಕ್ಕಳನ್ನು ಬ್ರಿಟಿಷ್ ಆಸ್ಥಾನವು ಹೇಗೆ ನಡೆಸಿಕೊಂಡಿತೆಂಬುದಕ್ಕೆ ಗೌರಮ್ಮನವರ ಬದುಕು ಒಂದು ನಿದರ್ಶನ. ರಾಣಿಯ ವಾತ್ಸಲ್ಯ ಅವರಿಗೆ ದೊರೆಯಿತು. ಆದರೆ ವಾಸ, ಮತ, ಬಂಧುಗಳ ಭೇಟಿ ಇವುಗಳನ್ನು ಬಾಲ್ಯದಲ್ಲಿ ಇತರರೇ ನಿರ್ಧರಿಸಿದರು. ಇವರ ತಂದೆಯ ಆಳ್ವಿಕೆಯ ಕೊನೆಯ ದಿನಗಳು ಮಾಸ್ತಿ ವೆಂಕಟೇಶ ಅಯ್ಯಂಗಾರರ ಕಾದಂಬರಿ ಚಿಕವೀರ ರಾಜೇಂದ್ರದ ಮೂಲಕ ಕನ್ನಡ ಓದುಗರಿಗೆ ಪರಿಚಿತವಾಗಿವೆ. ಸಿ. ಪಿ. ಬೆಳ್ಳಿಯಪ್ಪ ಅವರು ಗೌರಮ್ಮನವರ ಜೀವನವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ರಚಿಸಿದ್ದಾರೆ.