ಜೈಲಿನಲ್ಲೂ ಹಾಡಿದ ಸಹೋದರಿ

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ನಮಗೆಲ್ಲ ಗೊತ್ತು. ಪೌಲ, ಸೀಲ ಏಟು ತಿಂದು ಸೆರೆಮನೆಯಲ್ಲಿದ್ದರು. ಮಧ್ಯರಾತ್ರಿ ಅವರು ಹಾಡ್ತಿದ್ದರು. ಆ ಅಧ್ಯಾಯವನ್ನು ಬದುಕಿ ತೋರಿಸಿದ ಫ್ಯಾನಿ ಲೂ ಹೇಮರ್ ಅವರ ಸಾಕ್ಷಿ ಇವತ್ತು ಕೇಳಿ.

ಅವರು ಹುಟ್ಟಿದ್ದು 1917ರಲ್ಲಿ, ಅಮೆರಿಕದ ಮಿಸ್ಸಿಸ್ಸಿಪ್ಪಿಯಲ್ಲಿ. ಬೇರೆಯವರ ಹೊಲವನ್ನು ಪಾಲಿಗೆ ಮಾಡ್ತಿದ್ದ ಬಡ ಕಪ್ಪು ಕುಟುಂಬ. 20 ಮಕ್ಕಳಲ್ಲಿ ಇವರೇ ಕೊನೆಯವರು. ಆರು ವರ್ಷಕ್ಕೇ ಹತ್ತಿ ಬಿಡಿಸೋ ಕೆಲಸಕ್ಕೆ ಇಳಿದರು. ಎರಡನೇ ಮಹಾಯುದ್ಧ ಗೆದ್ದು ಲೋಕಕ್ಕೆಲ್ಲ ಸ್ವಾತಂತ್ರ್ಯದ ಮಾತು ಹೇಳ್ತಿದ್ದ ದೇಶ ಅದು. ಆದರೆ ತನಗೂ ಓಟಿನ ಹಕ್ಕಿದೆ ಅಂತ ಈ ತಾಯಿಗೆ ತಿಳಿದಾಗ ವಯಸ್ಸು 44. ತಿಳಿದದ್ದು ಎಲ್ಲಿ ಗೊತ್ತಾ? ರೂಲ್‌ವಿಲ್ ಊರಿನ ಸಭೆಯೊಂದರ ಕೂಟದಲ್ಲಿ!

1962ರ ಆಗಸ್ಟ್ 31ರಂದು 17 ಜನರ ಜೊತೆ ಹಳೇ ಬಸ್ಸು ಹತ್ತಿ ಹೆಸರು ನೋಂದಾಯಿಸಲು ಹೋದರು. ಅಲ್ಲಿ ರಾಜ್ಯದ ಸಂವಿಧಾನದ ಒಂದು ಭಾಗಕ್ಕೆ ಅರ್ಥ ಬರೆಯೋ ಪರೀಕ್ಷೆ ಇಟ್ಟಿದ್ದರು. ಕಪ್ಪು ಜನರನ್ನು ಫೇಲ್ ಮಾಡೋದೇ ಅದರ ಉದ್ದೇಶ. ವಾಪಸ್ಸು ಬರುವಾಗ ಪೊಲೀಸರು ಬಸ್ಸು ತಡೆದರು. ಒಳಗಿದ್ದವರೆಲ್ಲ ನಡುಗುತ್ತಿದ್ದಾಗ ಈ ಸಹೋದರಿ ಹಾಡೋಕೆ ಶುರು ಮಾಡಿದರು. ಅದೇ ದಿನ, 18 ವರ್ಷ ದುಡಿದ ಜಮೀನಿನ ಯಜಮಾನ ಅವರನ್ನು ಹೊರಗೆ ಹಾಕಿದ. ಅವರು ಬಿಡಲಿಲ್ಲ, ಮತ್ತೆ ಬರೆದು ಪಾಸಾದರು.

1963ರ ಜೂನ್‌ನಲ್ಲಿ ವಿನೋನಾ ಊರಿನಲ್ಲಿ ಅವರನ್ನು ಬಂಧಿಸಿದರು. ಪೊಲೀಸರು ಕಪ್ಪು ಕೈದಿಗಳ ಕೈಯಿಂದಲೇ ಅವರನ್ನು ಹೊಡೆಸಿದರು. ಆ ಏಟಿಗೆ ಕಿಡ್ನಿ ಹಾಳಾಯ್ತು. ಆದರೂ ಆ ಜೈಲಿನಲ್ಲಿ ಹಾಡು ಕೇಳಿಸಿತು. ನೀರು ಕೊಟ್ಟು ದಯೆ ತೋರಿಸಿದ ಜೈಲರನ ಹೆಂಡತಿಗೆ ಅವರು ಅಪೊಸ್ತಲರ ಕೃತ್ಯಗಳು 17:26 ಓದಲು ಹೇಳಿದರು. ಎಲ್ಲಾ ಜನಾಂಗಗಳ ಮೂಲ ಒಂದೇ ಅನ್ನೋ ವಾಕ್ಯ ಅದು.

1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ಸಮಿತಿ ಮುಂದೆ ಇದನ್ನೆಲ್ಲ ಹೇಳಿದರು. ಅದು ಟಿವಿಯಲ್ಲಿ ನೇರವಾಗಿ ಬರ್ತಿತ್ತು. ಅಧ್ಯಕ್ಷ ಜಾನ್ಸನ್ ತಕ್ಷಣ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ತನ್ನ ಕಡೆ ತಿರುಗಿಸಿಕೊಂಡರು. ಆದರೆ ಅದೇ ಸಂಜೆ ಚಾನೆಲ್‌ಗಳು ಆ ಸಾಕ್ಷಿಯನ್ನು ಇಡೀ ದೇಶಕ್ಕೆ ತೋರಿಸಿದವು. ಪಕ್ಷ ಎರಡು ಸೀಟು ಕೊಡ್ತೀವಿ ಅಂದಾಗ ಅವರೂ ಸಂಗಡಿಗರೂ ಒಪ್ಪಲಿಲ್ಲ. 1965ರಲ್ಲಿ ಮತದಾನದ ಹಕ್ಕಿನ ಕಾನೂನು ಬಂತು. 1969ರಲ್ಲಿ ಬಡವರಿಗಾಗಿ ಸಹಕಾರಿ ಹೊಲ ಕಟ್ಟಿದರು. 1977ರಲ್ಲಿ, 59ನೇ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಯೌವನಸ್ಥರೇ, ಗಮನಿಸಿ. ಆ ತಾಯಿ ಕಷ್ಟ ಮರೆಯೋಕೆ ಹಾಡಲಿಲ್ಲ. ಮುಂದಿನ ಹೆಜ್ಜೆ ಇಡೋ ಬಲಕ್ಕಾಗಿ ಹಾಡಿದರು. ನಮ್ಮ ಆರಾಧನೆ ಹಾಲ್‌ನ ಬಾಗಿಲಲ್ಲೇ ಮುಗಿದರೆ ಅದು ಬರೀ ಸಂಗೀತ. ನಿಮ್ಮ ಆಫೀಸಿನಲ್ಲಿ, ನಿಮ್ಮ ಬೀದಿಯಲ್ಲಿ ಅನ್ಯಾಯಕ್ಕೆ ಸಿಕ್ಕಿದ ಒಬ್ಬರು ಇದ್ದಾರಲ್ವಾ? ಈ ವಾರ ಅವರ ಪಕ್ಕ ಹೋಗಿ ನಿಲ್ಲಿ. ಕರ್ತನು ನಿಮಗೆ ಆ ಧೈರ್ಯ ಕೊಡಲಿ. ಆಮೆನ್.