ಫೆಲಿಕ್ಸ್ ಬ್ಲಾಕ್: ಕಿಡ್ನಿ ಮೇಲಿನ ಗಡ್ಡೆಯ ಗುಟ್ಟು ಹೇಳುವ ಎಂಆರ್‌ಐ ಹಿಂದಿನ ವಿಜ್ಞಾನಿ

ಹೊಟ್ಟೆನೋವೆಂದು ಥಾಣೆ, ಡೊಂಬಿವಲಿ, ಕಲ್ಯಾಣ್ ಅಥವಾ ನವಿ ಮುಂಬೈನ ಸ್ಕ್ಯಾನಿಂಗ್ ಸೆಂಟರ್‌ಗೆ ಹೋದವರ ರಿಪೋರ್ಟ್‌ನಲ್ಲಿ ಕೆಲವೊಮ್ಮೆ ನಿರೀಕ್ಷಿಸದ ಸಾಲೊಂದು ಇರುತ್ತದೆ. ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಕಂಡಿದೆ ಎಂದು. ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಆದರೆ ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆಪರೇಷನ್ ಇಲ್ಲದೆಯೇ ಅದನ್ನು ತಿಳಿಯಲು ಎಂಆರ್‌ಐ ನೆರವಾಗುತ್ತದೆ. ಆ ತಂತ್ರದ ಬೇರು ಇರುವುದು ಭೌತವಿಜ್ಞಾನಿ ಫೆಲಿಕ್ಸ್ ಬ್ಲಾಕ್ ಅವರ ಪ್ರಯೋಗಾಲಯದಲ್ಲಿ.

ಜರ್ಮನಿ ತೊರೆದ ಯುವಕ

ಬ್ಲಾಕ್ ಹುಟ್ಟಿದ್ದು 1905ರ ಅಕ್ಟೋಬರ್ 23ರಂದು, ಸ್ವಿಟ್ಜರ್ಲೆಂಡ್‌ನ ಜ್ಯೂರಿಚ್‌ನಲ್ಲಿ. ಎಂಜಿನಿಯರಿಂಗ್‌ಗೆ ಸೇರಿದವರು ಭೌತವಿಜ್ಞಾನದತ್ತ ಹೊರಳಿದರು. 1928ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ, ಯಹೂದಿಯಾಗಿದ್ದ ಅವರು ಜರ್ಮನಿ ಬಿಟ್ಟರು. ಮರುವರ್ಷ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಸೇರಿದರು.

1946ರಲ್ಲಿ ಹ್ಯಾನ್ಸೆನ್ ಮತ್ತು ಪ್ಯಾಕರ್ಡ್ ಜತೆಗೂಡಿ, ಆಯಸ್ಕಾಂತದ ನಡುವೆ ನೀರನ್ನಿಟ್ಟು ರೇಡಿಯೋ ತರಂಗ ಹಾಯಿಸಿದರು. ನೀರಿನ ಹೈಡ್ರೋಜನ್ ಬೀಜಕಣಗಳು ಸಂಕೇತ ಕೊಟ್ಟವು. ಹಾರ್ವರ್ಡ್‌ನಲ್ಲಿ ಪರ್ಸೆಲ್ ಕೂಡ ಅದೇ ವಿದ್ಯಮಾನವನ್ನು ಪ್ರತ್ಯೇಕವಾಗಿ ಕಂಡುಹಿಡಿದರು. 1952ರ ನೊಬೆಲ್ ಇಬ್ಬರಿಗೂ ಸಂದಿತು.

ತೊಡಕೇ ವರವಾಯಿತು

ಬೀಜಕಣದ ಕಾಂತಶಕ್ತಿಯನ್ನು ನಿಖರವಾಗಿ ಅಳೆಯುವುದು ಬ್ಲಾಕ್ ತಂಡದ ಗುರಿ. ಆದರೆ 1950ರಲ್ಲಿ ಪ್ರಾಕ್ಟರ್ ಮತ್ತು ಯು ಅವರಿಗೆ ಅಮೋನಿಯಂ ನೈಟ್ರೇಟ್‌ನ ನೈಟ್ರೋಜನ್‌ನಿಂದ ಒಂದರ ಬದಲು ಎರಡು ಸಂಕೇತ ಸಿಕ್ಕವು. ಸುತ್ತಲಿನ ರಾಸಾಯನಿಕ ಪರಿಸರ ಬದಲಾದರೆ ಸಂಕೇತವೂ ತುಸು ಸರಿಯುತ್ತದೆ ಎಂಬುದು ಗೊತ್ತಾಯಿತು. ಅಳತೆಗೆ ಇದು ತೊಡಕೇ. 1951ರಲ್ಲಿ ಅಲ್ಲಿಯೇ ಆರ್ನಾಲ್ಡ್, ಎಸ್.ಎಸ್. ಧರ್ಮಟ್ಟಿ ಮತ್ತು ಪ್ಯಾಕರ್ಡ್, ಆಲ್ಕೋಹಾಲ್‌ನ ಹೈಡ್ರೋಜನ್‌ನಿಂದ ಮೂರು ಬೇರೆ ಬೇರೆ ಸಂಕೇತಗಳನ್ನು ಪಡೆದರು. ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಗೆ ನೆಲೆ ಕಲ್ಪಿಸಿದವರು ಇದೇ ಧರ್ಮಟ್ಟಿ.

ಇಂದು ರೇಡಿಯಾಲಜಿಸ್ಟ್ ನೆಚ್ಚಿಕೊಳ್ಳುವುದು ಆ ಸಣ್ಣ ವ್ಯತ್ಯಾಸವನ್ನೇ. ಅಡ್ರಿನಲ್‌ನ ನಿರಪಾಯಕಾರಿ ಗಡ್ಡೆ, ಅಂದರೆ ಅಡಿನೋಮಾದ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಕೊಬ್ಬು ತುಂಬಿರುತ್ತದೆ. ನೀರು ಮತ್ತು ಕೊಬ್ಬಿನ ಸಂಕೇತಗಳ ವೇಗ ಬೇರೆ. 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 2.3 ಮಿಲಿಸೆಕೆಂಡ್‌ಗೆ ಅವು ಪರಸ್ಪರ ವಿರುದ್ಧವಾಗುತ್ತವೆ. ಆಗ ತೆಗೆದ ಚಿತ್ರದಲ್ಲಿ ಒಂದನ್ನೊಂದು ಅಳಿಸಿ, ಗಡ್ಡೆ ಕಪ್ಪಾಗಿ ಕಾಣುತ್ತದೆ. ಉಸಿರು ಬಿಗಿಹಿಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ, ಇಂಜೆಕ್ಷನ್ ಬೇಕಿಲ್ಲ.

ಕಪ್ಪಾಗದಿದ್ದರೆ ಕ್ಯಾನ್ಸರ್ ಎಂದಲ್ಲ. ಕೆಲವು ಅಡಿನೋಮಾಗಳಲ್ಲಿ ಕೊಬ್ಬು ಕಡಿಮೆ. ಗಡ್ಡೆ ಹಾರ್ಮೋನ್ ಹೆಚ್ಚಿಸುತ್ತಿದೆಯೇ ಎಂದು ತಿಳಿಯಲು ರಕ್ತ, ಮೂತ್ರ ಪರೀಕ್ಷೆಯೂ ಬೇಕು.

ಬ್ಲಾಕ್ 1983ರ ಸೆಪ್ಟೆಂಬರ್ 10ರಂದು ಜ್ಯೂರಿಚ್‌ನಲ್ಲೇ ಕೊನೆಯುಸಿರೆಳೆದರು. ನೀರು, ಕೊಬ್ಬನ್ನು ಬೇರ್ಪಡಿಸಿ ಚಿತ್ರಿಸುವ ಡಿಕ್ಸನ್ ವಿಧಾನ ಪ್ರಕಟವಾದದ್ದು 1984ರಲ್ಲಿ. ತಮ್ಮ ಪ್ರಯೋಗಾಲಯದ ಆ ತೊಡಕು ಎಷ್ಟೋ ಜನರನ್ನು ಬೇಡದ ಆಪರೇಷನ್‌ನಿಂದ ಪಾರುಮಾಡುವುದನ್ನು ಅವರು ನೋಡಲಿಲ್ಲ.