ಸರ್ ರೊನಾಲ್ಡ್ ರಾಸ್: ಬರೆದಿಡುವ ವ್ರತ

ಮಲೇರಿಯಾ ಜ್ವರಕ್ಕೆ ಸೊಳ್ಳೆಯೇ ವಾಹಕವೆಂದು ಲೋಕಕ್ಕೆ ತೋರಿಸಿಕೊಟ್ಟ ಸರ್ ರೊನಾಲ್ಡ್ ರಾಸ್ ಅವರನ್ನು ವಿಜ್ಞಾನಿಯೆಂದು ಎಲ್ಲರೂ ಬಲ್ಲರು. ಅವರು ಕವಿತೆ ಕಾದಂಬರಿಗಳನ್ನು ರಚಿಸಿದ ಸಾಹಿತಿಯೂ ಆಗಿದ್ದರೆಂಬುದು, ಕಂಡುದನ್ನು ತೇದಿಯೊಡನೆ ಬರೆದಿಟ್ಟು ಕಾಪಾಡುವುದು ಅವರಿಗೆ ವ್ರತದಂತಿದ್ದಿತೆಂಬುದು ಅಷ್ಟಾಗಿ ಪ್ರಚುರವಾಗಿಲ್ಲ. 1857ರಲ್ಲಿ ಅಲ್ಮೋರದಲ್ಲಿ ಜನಿಸಿ, ಮನಸ್ಸು ಕಾವ್ಯದ ಕಡೆಗಿದ್ದರೂ ತಂದೆಯ ಇಚ್ಛೆಯಂತೆ ವೈದ್ಯರಾಗಿ, 1881ರಲ್ಲಿ ಸರ್ಕಾರಿ ಸೇವೆಗೆ ಸೇರಿದರು.

1883ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ಸೈನ್ಯದ ವೈದ್ಯರಾಗಿ ಬಂದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಅಸಹನೀಯವಾಗಿದ್ದಿತು. ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲಿ ಮರಿಹುಳುಗಳು ಹೊರಳಾಡುತ್ತಿದ್ದುದನ್ನು ಕಂಡು ತೊಟ್ಟಿಯನ್ನು ಬೋರಲು ಹಾಕಿಸಿದರು, ಕಾಟ ತಗ್ಗಿತು. ಭೋಜನಶಾಲೆಯ ಪಾತ್ರೆಗಳನ್ನೂ ಹಾಗೆಯೇ ಬರಿದುಮಾಡಿಸಬೇಕೆಂದು ಸೂಚಿಸಲು, ಅಲ್ಲಿಯ ಅಧಿಕಾರಿಯು ಸೃಷ್ಟಿಕ್ರಮವನ್ನು ಕೆಡಿಸುವುದು ತರವಲ್ಲವೆಂದು ನಿರಾಕರಿಸಿದನಂತೆ! ನಲವತ್ತು ವರ್ಷಗಳ ತರುವಾಯ, 1923ರಲ್ಲಿ ಪ್ರಕಟವಾದ ಆತ್ಮವೃತ್ತಾಂತದಲ್ಲಿ ಈ ಪ್ರಸಂಗ ನಗೆ ತರಿಸುವಂತೆ ಬಂದಿದೆ.

1895ರಲ್ಲಿ ಕಾಲರಾ ನಿವಾರಣೆಯ ಕೆಲಸಕ್ಕಾಗಿ ಮರಳಿ ಬೆಂಗಳೂರಿಗೆ ಬಂದರು. ಈಗಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್, ರಾಸರ ಬರಹದಲ್ಲಿ ಅಪ್ಪಿಯಾ ಎಂದು ಕಾಣುವ ಮಹನೀಯರು, ರೋಗಿಯ ರಕ್ತವನ್ನು ಹೀರಿದ ಸೊಳ್ಳೆಗಳಿಂದ ತಾವಾಗಿಯೇ ಕಚ್ಚಿಸಿಕೊಂಡರು. ಜ್ವರ ಬರಲಿಲ್ಲ. ಪ್ರಯೋಗ ವಿಫಲ, ಆ ಜಾತಿಯ ಸೊಳ್ಳೆ ಮಲೇರಿಯಾವನ್ನು ಹರಡುವಂಥದಲ್ಲವೆಂಬುದು ಆಗ ತಿಳಿದಿರಲಿಲ್ಲ. ವೈಫಲ್ಯವನ್ನು ಮರೆಮಾಡುವ ವಿದ್ವಾಂಸರೇ ಹೆಚ್ಚು. ರಾಸರಾದರೋ ಅದನ್ನೂ ದಾಖಲಿಸಿದರು, ಲಂಡನ್ನಿನ ಮ್ಯಾನ್ಸನ್‌ರಿಗೆ ಪತ್ರಗಳಲ್ಲಿ ತಮ್ಮ ಕೆಲಸದ ವಿವರಗಳನ್ನು ಬರೆಯುತ್ತಲೇ ಇದ್ದರು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಬೇರೊಂದು ಜಾತಿಯ ಸೊಳ್ಳೆಯ ಜಠರದಲ್ಲಿ ರೋಗಾಣು ಗೋಚರಿಸಿತು. 1902ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಈ ಕೀರ್ತಿಗೆ ಇಟಲಿಯ ಗ್ರಾಸ್ಸಿ ಪ್ರತಿಸ್ಪರ್ಧಿಯಾದಾಗ, ತೇದಿಸಹಿತವಾದ ಟಿಪ್ಪಣಿಗಳೂ ಪತ್ರಗಳೂ ರಾಸರಿಗೆ ಆಧಾರವಾದವು. ಆ ಕಲಹದಲ್ಲಿ ಅವರ ಲೇಖನಿ ಮಿತಿಮೀರಿ ಕಟುವಾಯಿತೆಂಬುದನ್ನು ಒಪ್ಪಬೇಕು.

1932ರ ಸೆಪ್ಟೆಂಬರ್ 16ರಂದು ಅವರು ನಿಧನರಾದರು. ಜೀವಮಾನವಿಡೀ ಕಾಪಾಡಿದ ಕಾಗದಪತ್ರಗಳು ಸಾವಿರಾರು. ಅವುಗಳಲ್ಲಿ ಬಹುಪಾಲು ಲಂಡನ್ನಿನ ಉಷ್ಣವಲಯದ ವೈದ್ಯಶಾಲೆಯಲ್ಲಿವೆ. ಬೌರಿಂಗ್ ಆಸ್ಪತ್ರೆಯ ಆ ವೈದ್ಯರ ಸಾಹಸವೂ ರಾಸರು ಬರೆದಿಟ್ಟುದರಿಂದಲೇ ನಮಗೆ ತಿಳಿದುಬಂದಿದೆ.